ದೊಡ್ಡವ್ವನ 'ಹೂಂ'



ಪ್ರತಿ ವರ್ಷದಂತೆ ಈ ವರ್ಷವೂ ನಮ್ಮ ಸಂಪಾದಕರು "ಡಾಕ್ಟ್ರೇ, ನಿಮ್ಮ ಅಂಕಣ ಒಂದು ಬಾಕಿ" ಎಂದು ನಗುನಗುತ್ತಲೇ ಬೆನ್ನು ಹತ್ತಿದರು. ಕಳೆದ ಸಲ ಸೂರ್ಯನ ಮುಖವನ್ನೇ ಸರಿಯಾಗಿ ಕಾಣದ ಈ ನಾಡಿನಲ್ಲಿ ವಿಟಮಿನ್ ಡಿ ಕೊರತೆಯ ಬಗ್ಗೆ ಬರೆದಿದ್ದೆ. ಅದಕ್ಕೂ ಹಿಂದೆ ಸಕ್ಕರೆ ಕಾಯಿಲೆ ಮತ್ತು ಹಬ್ಬದ ಹೋಳಿಗೆಯ ಬಗ್ಗೆ ಬರೆದು ಮನೆಯಾಕೆಯ ಕೋಪಕ್ಕೆ ಗುರಿಯಾಗಿದ್ದೆ. ಈ ಸಲ ರಕ್ತದೊತ್ತಡದ ಬಗ್ಗೆ ಬರೆಯೋಣವೆಂದು ಕುಳಿತೆ. ಎರಡು ಸಾಲು ಬರೆಯುವಷ್ಟರಲ್ಲಿ ನಮ್ಮ ದೊಡ್ಡವ್ವ ಬಂದು ಎದುರಿಗೆ ಕುಳಿತುಬಿಟ್ಟಳು. ಅವಳಿಗೂ ರಕ್ತದೊತ್ತಡಕ್ಕೂ ಏನು ಸಂಬಂಧ ಎನ್ನುವುದನ್ನು ಮುಂದೆ ಹೇಳುತ್ತೇನೆ. ಈ ವರ್ಷದ ಅಂಕಣ ಅವಳದ್ದು.

ದೊಡ್ಡವ್ವ ನನ್ನ ತಾಯಿಯ ಅಕ್ಕ. ಹಾಸನ ಜಿಲ್ಲೆ ಅರಕಲಗೂಡು ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಅವಳ ಮನೆ. ನಮ್ಮೂರಿನ ಶಾಲೆ ನಾಲ್ಕನೇ ಕ್ಲಾಸಿಗೆ ಮುಗಿಯುತ್ತಿತ್ತು. ಮುಂದೆ ಓದಬೇಕಾದರೆ ದೊಡ್ಡವ್ವನ ಮನೆಯೇ ಗತಿ. ಹಾಗೆ ಹತ್ತು ವರ್ಷದ ಹುಡುಗ ಒಂದು ಟ್ರಂಕು ಹಿಡಿದು ಅವಳ ಮನೆ ಸೇರಿದವನು ಎಸ್ಸೆಸ್ಸೆಲ್ಸಿ ಮುಗಿಯುವ ತನಕ ಅಲ್ಲೇ ಇದ್ದೆ. ಅವಳಿಗೆ ಸ್ವಂತ ಮಕ್ಕಳು ನಾಲ್ವರು. ಐದನೆಯವನು ಹೊರಗಿನವನು ಎಂದು ಆ ಆರು ವರ್ಷಗಳಲ್ಲಿ ಒಂದು ದಿನವೂ ನನಗೆ ಅನ್ನಿಸಲಿಲ್ಲ. ಮುದ್ದೆ ಕಟ್ಟುವಾಗಲೂ ಐದೂ ಒಂದೇ ಅಳತೆ, ಬೆನ್ನಿಗೆ ಬೀಳುವ ಏಟೂ ಐದು ಜನಕ್ಕೂ ಒಂದೇ ಅಳತೆ!

ಅವಳಿಗೆ ಓದು ಬರಹ ಬರುತ್ತಿರಲಿಲ್ಲ. ಕಾಗದ ಬರೆಯುವ ಕೆಲಸ ನನ್ನದು. ನೀಲಿ ಇನ್‌ಲ್ಯಾಂಡ್ ಲೆಟರ್ ತಂದು ನನ್ನ ಮುಂದಿಟ್ಟು ಗೋಡೆಗೆ ಒರಗಿ ಕೂರುತ್ತಿದ್ದಳು. "ಬರಿ ಮಗಾ, ಇತ್ತ ಎಲ್ಲರೂ ಕ್ಷೇಮ" ಎಂದೇ ಶುರು. ಮನೆಯಲ್ಲಿ ಇಬ್ಬರಿಗೆ ಜ್ವರ ಬಂದು ಮಲಗಿದ್ದರೂ ಅದೇ ಸಾಲು. ಒಮ್ಮೆ ನಾನು "ದೊಡ್ಡವ್ವಾ, ದೊಡ್ಡಪ್ಪನಿಗೆ ಜ್ವರ ಅಲ್ವಾ?" ಎಂದು ಕೇಳಿದ್ದಕ್ಕೆ, "ದೂರ ಇರೋರಿಗೆ ಅದನ್ನೆಲ್ಲ ಬರೀಬಾರ್ದು ಕಣೋ. ಅವರೇನು ಬಂದು ಮಾಡೋಕಾಗುತ್ತಾ? ಸುಮ್ನೆ ಅನ್ನ ಇಳಿಯಲ್ಲ ಅವರಿಗೆ" ಎಂದಳು. ಆ ಮಾತು ನನಗೆ ಆಗ ಅರ್ಥವಾಗಲಿಲ್ಲ. ಅರ್ಥವಾಗುವ ಹೊತ್ತಿಗೆ ಆ 'ದೂರ ಇರೋರು' ನಾವೇ ಆಗಿದ್ದೆವು.

ಮೈಸೂರಿನಲ್ಲಿ ನಾನು ಎಂಬಿಬಿಎಸ್ ಓದುವಾಗ ತಿಂಗಳಿಗೊಮ್ಮೆ ಅರಕಲಗೂಡು ಕಡೆಯ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಒಂದು ಡಬ್ಬ ಬರುತ್ತಿತ್ತು. ಒಳಗೆ ಹುರಿಹಿಟ್ಟು. ಹಿಟ್ಟಿನ ತಳದಲ್ಲಿ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಐವತ್ತರ ಒಂದೋ ಎರಡೋ ನೋಟು. ಆಲೂಗಡ್ಡೆ ಮಾರಿದ ತಿಂಗಳಾದರೆ ನೂರರ ನೋಟು! ಸಹಪಾಠಿಗಳು ನನ್ನ ಹುರಿಹಿಟ್ಟಿಗೆ ಮುಗಿಬೀಳುತ್ತಿದ್ದರು. ತಳದ ನೋಟನ್ನು ಮೊದಲು ತೆಗೆದಿಟ್ಟುಕೊಳ್ಳುವ ಬುದ್ಧಿ ನನಗೆ ಎರಡನೇ ತಿಂಗಳಿಗೇ ಬಂತು.

ಮುಂದೆ ಎಲ್ಲರ ಮನೆಯ ಕಥೆಯೇ ನಮ್ಮ ಮನೆಯದೂ. ದೊಡ್ಡ ಮಗ ಸಾಫ್ಟ್‌ವೇರ್ ಕೆಲಸ ಹಿಡಿದು ನ್ಯೂಜೆರ್ಸಿಗೆ ಹೋದ. ಮಗಳು ಗಂಡನ ಜೊತೆ ಮೆಲ್ಬರ್ನ್ ಸೇರಿದಳು. ಮೂರನೆಯವನು ಮಸ್ಕತ್ತಿನಲ್ಲಿ ಕಟ್ಟಡದ ಕೆಲಸದ ಮೇಲ್ವಿಚಾರಕನಾದ. ಕೊನೆಯವನು ಬೆಂಗಳೂರಿನಲ್ಲಿ ನಿಂತ. ನಾನು ಎಂ.ಡಿ. ಮುಗಿಸಿ, 2001ರಲ್ಲಿ ಐರ್ಲೆಂಡಿಗೆ ಬಂದು, ಶಾನನ್ ನದಿಯ ಕಡೆಯ ಒಂದು ಆಸ್ಪತ್ರೆಯಲ್ಲಿ ಹಿರಿಯರ ವಾರ್ಡಿನ ವೈದ್ಯನಾದೆ. ದೊಡ್ಡಪ್ಪ ತೀರಿಕೊಂಡ ಮೇಲೂ ದೊಡ್ಡವ್ವ ಊರು ಬಿಡಲಿಲ್ಲ. "ಹಸು ಯಾರು ನೋಡ್ತಾರೆ?" ಎನ್ನುತ್ತಿದ್ದಳು. ಹಸು ಮಾರಿದ ಮೇಲೆ "ತೆಂಗಿನ ಮರ ಯಾರು ನೋಡ್ತಾರೆ?" ಎಂದಳು.

ಮಕ್ಕಳ ಫೋನಿನ ವೇಳಾಪಟ್ಟಿ ಅವಳಿಗೆ ಗಡಿಯಾರದಲ್ಲಿ ಅಲ್ಲ, ಮನೆಗೆಲಸದಲ್ಲಿ ಗೊತ್ತಿತ್ತು. ಭಾನುವಾರ ಬೆಳಿಗ್ಗೆ ಅಂಗಳ ಸಾರಿಸಿ ಕಾಫಿಗೆ ಇಡುವಾಗ ಮೆಲ್ಬರ್ನ್. ಊಟವಾಗಿ ಎಲೆಯಡಿಕೆ ಹಾಕಿ ಕುಳಿತಾಗ ಐರ್ಲೆಂಡ್. ದೀಪ ಹಚ್ಚುವ ಹೊತ್ತಿಗೆ ಅಮೆರಿಕ. ಶುಕ್ರವಾರ ಅಡುಗೆ ಮಧ್ಯೆ ಮಸ್ಕತ್. "ನನ್ನ ಮಕ್ಕಳಲ್ಲಿ ಯಾವಾಗ ನೋಡಿದ್ರೂ ಯಾರೋ ಒಬ್ರು ಎದ್ದಿರ್ತಾರೆ" ಎಂದು ಊರವರ ಮುಂದೆ ಹೇಳಿಕೊಳ್ಳುತ್ತಿದ್ದಳಂತೆ.

ಅವಳಿಗೆ ಕೊನೆಯವರೆಗೂ ಒಗ್ಗದೇ ಹೋದದ್ದು ಈ ನಾಡಿನ ಗಡಿಯಾರ ಬದಲಿಸುವ ಪದ್ಧತಿ. ಅಕ್ಟೋಬರ್ ಕೊನೆಯ ಭಾನುವಾರ ನಾವು ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತೇವಲ್ಲ, ಅವತ್ತು ನನ್ನ ಫೋನು ಮೂರೂವರೆಗೆ ಬದಲು ನಾಲ್ಕೂವರೆಗೆ ಹೋಗುತ್ತಿತ್ತು. ಪ್ರತಿ ವರ್ಷವೂ ಅವಳು ಒಂದು ಗಂಟೆ ಫೋನಿನ ಪಕ್ಕ ಕಾದಿರುತ್ತಿದ್ದಳು. "ಏನ್ ಮಗಾ, ಮೈ ಹುಷಾರಿಲ್ವಾ?" ಎಂದೇ ಫೋನೆತ್ತುತ್ತಿದ್ದಳು. ನಾನು ವಿವರಿಸಿದರೆ, "ಚಳಿಗೆ ಗಡಿಯಾರನೂ ಮುದುರಿಕೊಳ್ಳುತ್ತಾ ನಿಮ್ಮೂರಲ್ಲಿ?" ಎಂದು ನಗುತ್ತಿದ್ದಳು. ಮೊದಲೇ ತಿಳಿಸಬೇಕೆಂದು ಪ್ರತಿ ವರ್ಷ ಅಂದುಕೊಳ್ಳುತ್ತಿದ್ದೆ. ಪ್ರತಿ ವರ್ಷ ಮರೆಯುತ್ತಿದ್ದೆ.

2012ರ ರಜೆಯಲ್ಲಿ ಊರಿಗೆ ಹೋದಾಗ ಒಂದು ಸಂಜೆ ಜಗಲಿಯಲ್ಲಿ ಕುಳಿತು ಆಲೂಗಡ್ಡೆಯ ಮಾತು ಬಂತು. ಹಾಸನದ ಕಡೆಯವರಿಗೆ ಗೊತ್ತು, ಬೇಸಿಗೆಯ ಕೊನೆಗೆ ಪಂಜಾಬಿನ ಜಲಂಧರ್‌ನಿಂದ ಲಾರಿಗಟ್ಟಲೆ ಬಿತ್ತನೆ ಗಡ್ಡೆ ಹಾಸನದ ಮಾರುಕಟ್ಟೆಗೆ ಬರುತ್ತದೆ. ಮುಂಗಾರು ಹನಿ ಬಿದ್ದೊಡನೆ ಬಿತ್ತನೆ. ಮೋಡ ಮುಚ್ಚಿ ಜಿಟಿಜಿಟಿ ಮಳೆ ಹಿಡಿದರೆ ಅಂಗಮಾರಿ ಬಂದು ಎರಡು ವಾರದಲ್ಲಿ ಹೊಲವೆಲ್ಲ ಕರಕಲು. ಅಂಗಮಾರಿಯ ಹೊಡೆತಕ್ಕೆ ನಮ್ಮ ಕಡೆ ಎಷ್ಟೋ ರೈತರು ಆಲೂಗಡ್ಡೆ ಬಿಟ್ಟು ಜೋಳಕ್ಕೆ ಹೋದರು. ದೊಡ್ಡವ್ವನ ಹೊಲವೂ ಅಷ್ಟೇ.

ನಾನು ಅವಳಿಗೆ ಐರ್ಲೆಂಡಿನ ಕಥೆ ಹೇಳಿದೆ. 1845ರಲ್ಲಿ ಇದೇ ಅಂಗಮಾರಿ ಅಲ್ಲಿಗೆ ಬಂತು. ಬಡವರಿಗೆ ಮೂರು ಹೊತ್ತೂ ಆಲೂಗಡ್ಡೆಯೇ ಊಟ. 1852ರ ಹೊತ್ತಿಗೆ ಸುಮಾರು ಹತ್ತು ಲಕ್ಷ ಜನ ಹಸಿವಿನಿಂದಲೂ ಜ್ವರದಿಂದಲೂ ಸತ್ತರು. ಹತ್ತು ಲಕ್ಷಕ್ಕೂ ಮಿಕ್ಕಿ ಜನ ಹಡಗು ಹತ್ತಿ ಹೋದರು. 1841ರಲ್ಲಿ 82 ಲಕ್ಷದಷ್ಟಿದ್ದ ದ್ವೀಪದ ಜನಸಂಖ್ಯೆ 1851ಕ್ಕೆ 65 ಲಕ್ಷಕ್ಕೆ ಇಳಿಯಿತು. ಇವತ್ತಿಗೂ ಹಳೆಯ ಸಂಖ್ಯೆಗೆ ಬಂದು ಮುಟ್ಟಿಲ್ಲ.

ದೊಡ್ಡವ್ವ ಒಂದೇ ಪ್ರಶ್ನೆ ಕೇಳಿದಳು. "ರಾಗಿ ಹಾಕ್ತಿರ್ಲಿಲ್ವಾ ಅವರು?"

ನಾನು ದೊರೆಗಳ ಆಡಳಿತ, ಜಮೀನ್ದಾರರ ಗೇಣಿ, ಜನ ಸಾಯುತ್ತಿದ್ದಾಗಲೂ ಹೊರದೇಶಕ್ಕೆ ಹೋಗುತ್ತಿದ್ದ ಧಾನ್ಯ ಇವನ್ನೆಲ್ಲ ಹೇಳಿದೆ. ಈಗ ಅಲ್ಲಿ ಹವಾಮಾನ ವರದಿಯಲ್ಲೇ 'ಅಂಗಮಾರಿ ಬರುವ ಸಂಭವವಿದೆ' ಎಂದು ಎಚ್ಚರಿಕೆ ಕೊಡುತ್ತಾರೆ ಎಂದಾಗ ಅವಳಿಗೆ ಬಹಳ ಖುಷಿಯಾಯಿತು. ಕೊನೆಗೆ ಇನ್ನೊಂದು ಸಂಗತಿ ಹೇಳಿದೆ. ಆ ಕಾಲದಲ್ಲಿ ಮಗನೋ ಮಗಳೋ ಅಮೆರಿಕಕ್ಕೆ ಹೊರಟರೆ ಹಿಂದಿನ ರಾತ್ರಿ ಮನೆಯವರೆಲ್ಲ ಸೇರಿ ಜಾಗರಣೆ ಮಾಡುತ್ತಿದ್ದರು. ಸತ್ತವರ ಮನೆಯಲ್ಲಿ ಮಾಡುವ ಜಾಗರಣೆಯ ಹೆಸರೇ ಅದಕ್ಕೂ. 'ಅಮೆರಿಕನ್ ವೇಕ್' ಎನ್ನುತ್ತಿದ್ದರು. ಹಾಡು, ಕುಣಿತ, ಊಟ, ಬೆಳಗಿನ ಜಾವ ಅಳು. ಹೋದವರು ಮತ್ತೆ ಬರುವುದಿಲ್ಲವೆಂದು ಎಲ್ಲರಿಗೂ ಗೊತ್ತು.

ದೊಡ್ಡವ್ವ ಅಡಿಕೆ ಕತ್ತರಿಸುತ್ತಿದ್ದವಳು ನಿಲ್ಲಿಸಿ, "ನಿಮ್ಮನ್ನೆಲ್ಲ ಕಳಿಸೋವಾಗ ನಾನು ಮಾಡಿದ್ದು ಮತ್ತಿನ್ನೇನು ಮಗಾ?" ಎಂದಳು. ನನ್ನ ಬಳಿ ಉತ್ತರವಿರಲಿಲ್ಲ.

2017ರ ನವೆಂಬರ್ ಕೊನೆಯಲ್ಲಿ ಒಂದು ರಾತ್ರಿ ಬಚ್ಚಲಿಗೆ ಹೋಗಲು ಎದ್ದವಳು ತಲೆ ಸುತ್ತಿ ಬಿದ್ದಳು. ತೊಡೆಯ ಮೂಳೆ ಸೊಂಟದ ಹತ್ತಿರ ಮುರಿಯಿತು. ಆಗ ಅವಳಿಗೆ ಎಂಬತ್ತೆರಡು. ಹಾಸನದಲ್ಲಿ ಆಪರೇಷನ್ ಚೆನ್ನಾಗಿಯೇ ಆಯಿತು. ನಾನು ಅಲ್ಲಿನ ವೈದ್ಯರ ಜೊತೆ ದಿನವೂ ಫೋನಿನಲ್ಲಿ ಮಾತನಾಡಿದೆ. ದೊಡ್ಡವ್ವನ ಜೊತೆಯೂ ಮಾತನಾಡಿದೆ. "ನೋವು ಇದೆಯಾ?" "ಹೂಂ ಮಗಾ, ಚೆನ್ನಾಗಿದೀನಿ." "ಉಸಿರಾಟ ಸರಿ ಇದೆಯಾ?" "ಹೂಂ ಮಗಾ, ಚೆನ್ನಾಗಿದೀನಿ." ಡಿಸೆಂಬರ್ 20ಕ್ಕೆ ನನ್ನ ಟಿಕೆಟ್ ಆಗಿತ್ತು. ಆಸ್ಪತ್ರೆಯಲ್ಲಿ ಡ್ಯೂಟಿ ಬದಲಾಯಿಸಿಕೊಳ್ಳುವುದು ಕಷ್ಟ, ಹೇಗೂ ಚೇತರಿಸಿಕೊಳ್ಳುತ್ತಿದ್ದಾಳೆ, ಕ್ರಿಸ್‌ಮಸ್ ರಜೆಗೆ ಎಲ್ಲರೂ ಸೇರೋಣ ಎಂದುಕೊಂಡೆ.

ಈ ವಯಸ್ಸಿನಲ್ಲಿ ಸೊಂಟದ ಮೂಳೆ ಮುರಿದವರಲ್ಲಿ ಹತ್ತಕ್ಕೆ ಎರಡು ಮೂರು ಮಂದಿ ಒಂದು ವರ್ಷ ಕಳೆಯುವುದಿಲ್ಲ ಎನ್ನುವುದನ್ನು ನಾನು ಇಲ್ಲಿನ ರೋಗಿಗಳ ಮಕ್ಕಳಿಗೆ ಪದೇ ಪದೇ ಕೂರಿಸಿಕೊಂಡು ಹೇಳುತ್ತೇನೆ. ನನಗೆ ನಾನೇ ಹೇಳಿಕೊಳ್ಳಲಿಲ್ಲ. ಎದೆಗೆ ಕಫ ಕಟ್ಟಿ, ನ್ಯುಮೋನಿಯಾ ಆಗಿ, ಡಿಸೆಂಬರ್ ಎರಡನೆಯ ವಾರದ ಒಂದು ಬೆಳಗಿನ ಜಾವ ದೊಡ್ಡವ್ವ ಹೋಗಿಬಿಟ್ಟಳು.

ಅಲ್ಲಿ ಬೆಳಗಿನ ಜಾವವೆಂದರೆ ಇಲ್ಲಿ ಹಿಂದಿನ ರಾತ್ರಿ ಹನ್ನೊಂದೂವರೆ. ಬೆಂಗಳೂರಿನ ತಮ್ಮ "ಸಂಜೆಯೊಳಗೆ ಮಣ್ಣು ಮಾಡ್ತಾರೆ ಅಣ್ಣಾ, ಊರಿನ ಹಿರೀಕರು ಕಾಯೋದು ಬೇಡ ಅಂತಿದಾರೆ" ಎಂದ. ತೋಟದಲ್ಲಿ ದೊಡ್ಡಪ್ಪನ ಪಕ್ಕದಲ್ಲೇ ಜಾಗ. ಮೊದಲ ವಿಮಾನ ಹಿಡಿದರೂ ನಾನು ಮುಟ್ಟುವುದು ಮಾರನೆಯ ದಿನ. ಹೆತ್ತ ಮಕ್ಕಳಲ್ಲಿ ಮಣ್ಣಿಗೆ ಸಿಕ್ಕವರು ಇಬ್ಬರೇ, ಬೆಂಗಳೂರಿನವನು ಮತ್ತು ಮಸ್ಕತ್ತಿನವನು.

ಬೆಳಿಗ್ಗೆ ನಾನು ಸೂಟ್‌ಕೇಸ್ ಕಾರಿಗೆ ಇಡುತ್ತಿದ್ದಾಗ ಪಕ್ಕದ ಮನೆಯ ಐರಿಷ್ ವೃದ್ಧೆ ಬಂದು ಎರಡೂ ಕೈಯಿಂದ ನನ್ನ ಕೈ ಹಿಡಿದು "ಸಾರಿ ಫಾರ್ ಯುವರ್ ಟ್ರಬಲ್" ಎಂದಳು. ಇಲ್ಲಿ ಸಾವಿನ ಮನೆಗೆ ಹೋದವರು ಆಡುವುದು ಇದೊಂದೇ ಮಾತು. ಇಷ್ಟು ವರ್ಷದಲ್ಲಿ ನಾನೂ ಎಷ್ಟೋ ಜನರ ಕೈ ಹಿಡಿದು ಇದನ್ನೇ ಹೇಳಿದ್ದೇನೆ. "ನಿನಗಾಗಿ ಅವರು ಕಾಯುವುದಿಲ್ಲವೇ?" ಎಂದು ಅವಳಿಗೆ ಆಶ್ಚರ್ಯ. ಈ ನಾಡಿನಲ್ಲಿ ಕಾಯುತ್ತಾರೆ. ಊರಿನ ರೇಡಿಯೋದಲ್ಲಿ ಸಾವಿನ ಸುದ್ದಿ ಓದುತ್ತಾರೆ, ದೇಹವನ್ನು ಮನೆಯಲ್ಲೇ ಇಟ್ಟು ರಾತ್ರಿಯಿಡೀ ಕೂರುತ್ತಾರೆ, ಬಂದವರಿಗೆ ಚಹಾ ಸ್ಯಾಂಡ್‌ವಿಚ್ ಕೊಡುತ್ತಾರೆ, ದೂರದ ಮಕ್ಕಳು ಬರಲಿ ಎಂದು ಎರಡು ಮೂರು ದಿನ ತಡೆಯುತ್ತಾರೆ. ತಲೆತಲಾಂತರದಿಂದ ಮಕ್ಕಳನ್ನು ಸಮುದ್ರದಾಚೆ ಕಳಿಸಿದ ಜನ. ಬರುವವರಿಗೆ ಕಾಯುವುದು ಅವರಿಗೆ ಗೊತ್ತು. ನಮ್ಮ ಬಿಸಿಲಿಗೆ ಹುಟ್ಟಿದ ಪದ್ಧತಿಯೇ ಬೇರೆ. ಅದರಲ್ಲಿ ತಪ್ಪು ಹುಡುಕುವ ಹಕ್ಕು ನನಗಿಲ್ಲ. ಬರಬೇಕಾದಾಗ ಬರದೇ ಹೋದವನು ನಾನು.

ತಿಂಗಳು ತುಂಬಿದಾಗ ಇಲ್ಲಿಯವರು ಸತ್ತವರ ಹೆಸರಿನಲ್ಲಿ ಚರ್ಚಿನಲ್ಲಿ ಪೂಜೆ ಮಾಡಿಸುತ್ತಾರೆ. ಅದಕ್ಕೆ 'ಮಂಥ್ಸ್ ಮೈಂಡ್' ಎಂದು ಹೆಸರು. ನಮ್ಮಲ್ಲಿ ಮಾಸಿಕ ಎನ್ನುತ್ತಾರಲ್ಲ, ಅದೇ. ಮನುಷ್ಯನ ದುಃಖಕ್ಕೆ ಎಲ್ಲ ಕಡೆಯೂ ಒಂದೇ ಪಂಚಾಂಗ ಇದ್ದ ಹಾಗಿದೆ.

ಹನ್ನೊಂದನೆಯ ದಿನ ತಿಥಿ. ನ್ಯೂಜೆರ್ಸಿ, ಮೆಲ್ಬರ್ನ್, ಮಸ್ಕತ್, ಬೆಂಗಳೂರು, ಐರ್ಲೆಂಡ್, ಐದೂ ಜನ ಒಂದೇ ಜಗಲಿಯಲ್ಲಿ ಕುಳಿತದ್ದು ಹದಿನಾಲ್ಕು ವರ್ಷಗಳ ನಂತರ ಅದೇ ಮೊದಲು. "ಒಂದು ಯುಗಾದಿಗೆ ಎಲ್ಲ ಸೇರ್ರೋ" ಎಂದು ಅವಳು ಎಷ್ಟು ಸಲ ಕೇಳಿದ್ದಳೋ! ಅವಳಿಗೆ ಇಷ್ಟವೆಂದು ಎಡೆಗೆ ಅವರೆಕಾಳು ಸಾರು, ಮುದ್ದೆ, ಎಲೆಯಡಿಕೆ ಇಟ್ಟೆವು. ಕಾಗೆ ಬೇಗನೇ ಬಂತು. "ಅವ್ವ ಯಾರನ್ನೂ ಕಾಯಿಸೋಳಲ್ಲ" ಎಂದು ಯಾರೋ ಅಂದರು.

ಅಂದು ಸಂಜೆ, ಅವಳ ಮನೆಗೆ ಹತ್ತು ವರ್ಷದಿಂದ ಕೆಲಸಕ್ಕೆ ಬರುತ್ತಿದ್ದ ಹೆಂಗಸು ಪಾತ್ರೆ ತೊಳೆಯುತ್ತಾ ನನಗೊಂದು ಮಾತು ಹೇಳಿದಳು. "ಅವ್ವಾರಿಗೆ ಮೂರು ವರ್ಷದಿಂದ ಕಿವಿ ಸರಿಯಾಗಿ ಕೇಳ್ತಿರ್ಲಿಲ್ಲ ಅಣ್ಣಾ. ನೀವು ಫೋನಲ್ಲಿ ಏನು ಕೇಳಿದ್ರೂ ಹೂಂ ಅನ್ನೋರು. ಇಟ್ಟ ಮೇಲೆ ನನ್ನ ಕೇಳೋರು, 'ಏನಂದಾನು ಮಗ?' ಅಂತ. ನಾನು 'ನಿಮಗೆ ಕೇಳಲ್ಲ ಅಂತ ಹೇಳ್ಬಿಡಿ ಅವ್ವಾ' ಅಂದ್ರೆ, 'ದನಿ ಕೇಳುತ್ತಲ್ಲ ಸಾಕು, ಮಾತು ಯಾಕೆ ನಂಗೆ' ಅನ್ನೋರು."

ಓದುಗರೇ, ನನ್ನ ಕಾಲ ಕೆಳಗಿನ ನೆಲ ಕುಸಿದಂತಾಯಿತು. ವಯಸ್ಸಾದವರ ಕಿವಿ ಮೊದಲು ಕಳೆದುಕೊಳ್ಳುವುದು ಮೇಲಿನ ಸ್ವರಗಳನ್ನು. ಸ, ಶ, ತ, ಕ ಇಂಥ ವ್ಯಂಜನಗಳು ಮೊದಲು ಹೋಗುತ್ತವೆ, ಸ್ವರಾಕ್ಷರಗಳು ಉಳಿಯುತ್ತವೆ. ಅಂದರೆ ದನಿ ಕೇಳಿಸುತ್ತದೆ, ಮಾತು ತಿಳಿಯುವುದಿಲ್ಲ. ಓದು ಬಾರದ ದೊಡ್ಡವ್ವ ನಮ್ಮ ಪಠ್ಯಪುಸ್ತಕದ ಒಂದು ಪುಟವನ್ನು ಒಂದೇ ಸಾಲಿನಲ್ಲಿ ಹೇಳಿದ್ದಳು. 2015ರಲ್ಲಿ ಹೋದಾಗ ಟಿವಿ ಅಷ್ಟು ಜೋರಾಗಿಟ್ಟಿದ್ದಕ್ಕೆ ನಾನೇ ತಮಾಷೆ ಮಾಡಿದ್ದೆ. ಇಲ್ಲಿ ಪ್ರತಿ ಹಿರಿಯ ರೋಗಿಯ ಕಿವಿಯನ್ನು ಪರೀಕ್ಷೆ ಮಾಡಿಸುವವನು ನಾನು!

ಇಷ್ಟಕ್ಕೇ ಮುಗಿಯಲಿಲ್ಲ. ದೇವರ ಗೂಡಿನ ಕೆಳಗೆ ಅವಳ ಮಾತ್ರೆಗಳ ಬಿಸ್ಕತ್ ಡಬ್ಬವಿತ್ತು. ಬಿಚ್ಚಿ ನೋಡಿದೆ. ರಕ್ತದೊತ್ತಡಕ್ಕೆ ಎರಡು ಬಗೆಯ ಮಾತ್ರೆ. ಒಂದು ಹಾಸನದಲ್ಲಿ ಬರೆದುಕೊಟ್ಟಿದ್ದು, ಇನ್ನೊಂದು ಬೆಂಗಳೂರಿನ ಮಗನ ಮನೆಗೆ ಹೋದಾಗ ಬರೆದುಕೊಟ್ಟಿದ್ದು. ಹೆಸರು ಬೇರೆ, ಬಣ್ಣ ಬೇರೆ. ಒಳಗಿನ ಔಷಧಿ ಎರಡರಲ್ಲೂ ಅಮ್ಲೋಡಿಪಿನ್. ಅವಳು ಎರಡನ್ನೂ ಭಕ್ತಿಯಿಂದ ನುಂಗುತ್ತಿದ್ದಳು. ಒಂದೇ ಔಷಧಿ ಎರಡು ಪಟ್ಟು ಹೋದರೆ ರಕ್ತದೊತ್ತಡ ಮಿತಿಮೀರಿ ಇಳಿಯಬಹುದು, ರಾತ್ರಿ ಎದ್ದು ನಿಂತಾಗ ತಲೆ ಸುತ್ತಬಹುದು. ಅವಳು ಬಿದ್ದದ್ದು ಅದರಿಂದಲೇ ಎಂದು ಹೇಳಲಾರೆ. ಅಲ್ಲ ಎಂದೂ ಹೇಳಲಾರೆ. "ಮಾತ್ರೆ ತಗೊಂಡ್ಯಾ ದೊಡ್ಡವ್ವಾ?" ಎಂದು ಪ್ರತಿ ಭಾನುವಾರ ಕೇಳಿದ್ದೆ. "ಹೂಂ ಮಗಾ." ಯಾವ ಮಾತ್ರೆ ಎಂದು ಒಂದು ದಿನವೂ ಕೇಳಿರಲಿಲ್ಲ.

ನಮ್ಮಲ್ಲಿ ಪ್ರತಿಯೊಬ್ಬರೂ ಇನ್ನೊಬ್ಬರು ನೋಡಿಕೊಳ್ಳುತ್ತಿದ್ದಾರೆ ಎಂದುಕೊಂಡಿದ್ದೆವು. ಅಮೆರಿಕದವನು ದುಡ್ಡು ಕಳಿಸುತ್ತಿದ್ದ, ಬೆಂಗಳೂರಿನವನು ಡಾಕ್ಟರಿಗೆ ತೋರಿಸುತ್ತಿದ್ದ, ಡಾಕ್ಟರ್ ಆದವನು ಫೋನಿನಲ್ಲಿ ವಿಚಾರಿಸುತ್ತಿದ್ದ. ಯಾರೂ ಸುಳ್ಳು ಪ್ರೀತಿಯವರಲ್ಲ. ಆದರೆ ಆ ಬಿಸ್ಕತ್ ಡಬ್ಬ ಬಿಚ್ಚಿದವರು ಒಬ್ಬರೂ ಇಲ್ಲ. 'ಊರಿಗೆ ಉಪಕಾರಿ, ಮನೆಗೆ ಮಾರಿ' ಎಂಬ ಗಾದೆ ನನ್ನನ್ನು ನೋಡಿಯೇ ಹುಟ್ಟಿರಬೇಕು ಎನ್ನಿಸಿತು.

ಈ ಅಂಕಣದಲ್ಲಿ ಏನಾದರೂ ಆರೋಗ್ಯದ ಮಾತು ಇರಲೇಬೇಕೆಂದು ಸಂಪಾದಕರ ಆಗ್ರಹ. ಹಾಗಾಗಿ ದೊಡ್ಡವ್ವ ಕಲಿಸಿದ ನಾಲ್ಕು ಮಾತು ಹೇಳುತ್ತೇನೆ. ಊರಿನ ಹಿರಿಯರಿಗೆ ಫೋನ್ ಮಾಡಿದಾಗ 'ಹೂಂ' ಎಂದು ಉತ್ತರಿಸಬಹುದಾದ ಪ್ರಶ್ನೆ ಕೇಳಬೇಡಿ. "ಊಟ ಆಯ್ತಾ?" ಎನ್ನುವ ಬದಲು "ಇವತ್ತು ಏನು ಸಾರು?" ಎಂದು ಕೇಳಿ. ಉತ್ತರ ಸಂಬಂಧವಿಲ್ಲದ್ದು ಬಂದರೆ ಕಿವಿ ಪರೀಕ್ಷೆ ಮಾಡಿಸಿ. ಕಿವಿ ಮಂದವಾಗುವುದು ಬರೀ ಕಿವಿಯ ವಿಷಯವಲ್ಲ. 2024ರಲ್ಲಿ ಲ್ಯಾನ್ಸೆಟ್ ಆಯೋಗ ಪಟ್ಟಿ ಮಾಡಿದ ಮರೆವಿನ ಕಾಯಿಲೆಯ 14 ತಡೆಯಬಹುದಾದ ಅಪಾಯಗಳಲ್ಲಿ ಅದೂ ಒಂದು. ಎರಡನೆಯದು, ವಿಡಿಯೋ ಕರೆಯಲ್ಲಿ ಮಾತ್ರೆಯ ಡಬ್ಬವನ್ನೇ ತೋರಿಸಲು ಹೇಳಿ. ಪಟ್ಟಿಯ ಮೇಲೆ ಕಂಪನಿ ಇಟ್ಟ ಹೆಸರಲ್ಲ, ಔಷಧಿಯ ಹೆಸರು ಓದಿ; ಎರಡು ಕಡೆ ಒಂದೇ ಹೆಸರು ಕಂಡರೆ ನೀವೇ ನಿಲ್ಲಿಸಬೇಡಿ, ಅವರ ವೈದ್ಯರಿಗೆ ತಿಳಿಸಿ. ಮೂರನೆಯದು, ಬಚ್ಚಲಿಗೊಂದು ಹಿಡಿಕೆ, ದಾರಿಗೊಂದು ರಾತ್ರಿ ದೀಪ. ನಾವು ಕಳಿಸುವ ಚಾಕೊಲೇಟಿಗಿಂತ ಅಗ್ಗ. ನಾಲ್ಕನೆಯದು, ಒಡಹುಟ್ಟಿದವರೆಲ್ಲ ಮಾತನಾಡಿ ಔಷಧಿಯ ಲೆಕ್ಕ ಒಬ್ಬರ ಕೈಗೆ ಕೊಡಿ. ಹಾಗೆಯೇ, ಅವರ ಮನೆಗೆ ದಿನವೂ ಬಂದು ಹೋಗುವ ಕೆಲಸದವರ ಫೋನ್ ನಂಬರ್ ನಿಮ್ಮ ಹತ್ತಿರ ಇರಲಿ. ನಮ್ಮ ಮನೆಯಲ್ಲಿ ಎಲ್ಲವೂ ಗೊತ್ತಿದ್ದದ್ದು ಅವಳೊಬ್ಬಳಿಗೆ. ನಾವು ಯಾರೂ ಅವಳನ್ನು ಕೇಳಿರಲಿಲ್ಲ.

ಚಿಕ್ಕಂದಿನಲ್ಲಿ ನಾನು ದೊಡ್ಡವ್ವನ ಕೈಯಾಗಿ ಕಾಗದ ಬರೆದೆ. ಕೊನೆಗಾಲದಲ್ಲಿ ಆ ಹೆಂಗಸು ಅವಳ ಕಿವಿಯಾದಳು. 'ಇತ್ತ ಎಲ್ಲರೂ ಕ್ಷೇಮ' ಎಂದು ಬರೆದವನೇ ನಾನು. ಆ ಸಾಲಿನ ಹಿಂದೆ ಜ್ವರ ಇರುತ್ತದೆ ಎನ್ನುವುದು ಎಲ್ಲರಿಗಿಂತ ಚೆನ್ನಾಗಿ ನನಗೇ ಗೊತ್ತಿರಬೇಕಿತ್ತು. ದೀಪದ ಬುಡದಲ್ಲೇ ಕತ್ತಲೆ ಎನ್ನುತ್ತಾರಲ್ಲ, ಈ ದೀಪಾವಳಿಗೆ ನಾನು ನೆನೆಯುವ ಗಾದೆ ಅದು.

ನಮ್ಮ ಮನೆಯ ಹಿತ್ತಲಿನಲ್ಲಿ ಪ್ರತಿ ವರ್ಷ ಮಾರ್ಚ್ 17ರ ಸುಮಾರಿಗೆ, ಸೇಂಟ್ ಪ್ಯಾಟ್ರಿಕ್ ಹಬ್ಬಕ್ಕೆ, ಇಲ್ಲಿಯವರ ಹಾಗೆ ನಾನೂ ಎರಡು ಸಾಲು ಆಲೂಗಡ್ಡೆ ಹಾಕುತ್ತೇನೆ. ರೇಡಿಯೋದಲ್ಲಿ ಅಂಗಮಾರಿ ಎಚ್ಚರಿಕೆ ಬಂದರೆ ಹೇಳಲು ಈಗ ಯಾರೂ ಇಲ್ಲ. ಭಾನುವಾರ ಹನ್ನೊಂದು ಗಂಟೆಗೆ ಕೈ ತಾನಾಗಿ ಫೋನಿನ ಕಡೆ ಹೋಗುತ್ತದೆ. ಈಗ ಆ ಹೊತ್ತಿಗೆ ಅವಳ ಮನೆಯ ಕೆಲಸದಾಕೆಗೆ ಫೋನ್ ಮಾಡುತ್ತೇನೆ. "ಏನು ಸಾರು ಇವತ್ತು?" ಎಂದು ಕೇಳುತ್ತೇನೆ. ಅವಳು ವಿವರವಾಗಿ ಹೇಳುತ್ತಾಳೆ.

ಕೊನೆಗೊಂದು ಮಾತು. ಅಕ್ಟೋಬರ್ ಕೊನೆಯ ಭಾನುವಾರ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತದೆ. ಊರಿನಲ್ಲಿ ನಿಮ್ಮ ಫೋನಿಗಾಗಿ ಕಾಯುವವರಿದ್ದರೆ, ದಯವಿಟ್ಟು ಹಿಂದಿನ ವಾರವೇ ತಿಳಿಸಿಬಿಡಿ.